ಟೇಪು ಸುತ್ತಿದ ತುದಿ

ನವೆಂಬರ್ ೧೨, ಮಂಗಳವಾರ, ಬೆಳಿಗ್ಗೆ ಒಂಬತ್ತೂವರೆ. ಬಡವನಹಳ್ಳಿ ಕಡೆಯ ರೈತ ಚನ್ನಮಲ್ಲಯ್ಯ ಠಾಣೆಗೆ ಬಂದವರೇ ಟವೆಲ್ಲು ಕೊಡವಿ ಕೂತರು.

"ಬೋರ್‌ವೆಲ್ ಕೇಬಲ್ ಕುಯ್ಕೊಂಡೋಗವ್ರೆ ಕಣಮ್ಮ. ಇನ್ನೆರಡು ದಿನ ನೀರಿಲ್ದಿದ್ರೆ ಟೊಮೇಟೊ ಕತೆ ಮುಗೀತು."

ಸಬ್ ಇನ್‌ಸ್ಪೆಕ್ಟರ್ ಲೋಹಿತಾ ಎಫ್‌ಐಆರ್ ದಾಖಲಿಸಿದರು. ತಿಂಗಳಲ್ಲಿ ಇದು ನಾಲ್ಕನೆಯದು. ಹೆಡ್ ಕಾನ್ಸ್‌ಟೇಬಲ್ ಭೀಮರಾಜು ಮಾತ್ರ ನಿರುಮ್ಮಳವಾಗಿ ಮೀಸೆ ತೀಡುತ್ತಿದ್ದ.

"ಸಂಜೆಯೊಳಗೆ ಸಿಗ್ತದೆ ಮೇಡಂ. ನಮ್ ಬಾತ್ಮೀದಾರ ಒಬ್ಬ ಅವ್ನೆ, ಸುದ್ದಿ ಕೊಡ್ತಾನೆ."

ಸಿಕ್ಕೇಬಿಟ್ಟಿತು! ಮಧ್ಯಾಹ್ನ ಮೂರಕ್ಕೆ, ಬಾತ್ಮೀದಾರ ಹೇಳಿದ ಹುಣಸೆಮರದ ಬುಡದಲ್ಲಿ, ತರಗೆಲೆಯ ಕೆಳಗೆ. ಹಿಂದಿನ ಮೂರೂ ಹೀಗೇ. ಮಾಲು ಸಿಗುತ್ತದೆ, ಕಳ್ಳ ಸಿಗುವುದಿಲ್ಲ. ಇದೆಂಥ ಕಣ್ಣಾಮುಚ್ಚಾಲೆ ಎಂದು ಲೋಹಿತಾಗೆ ಮೈಯುರಿಯಿತು.

ಪಂಚನಾಮೆ ಬರೆಸುತ್ತಾ ಕೇಬಲನ್ನು ತಿರುಗಿಸಿ ನೋಡಿದರು. ಕೇಬಲ್ ಕಳ್ಳ ಮೊದಲು ಮಾಡುವ ಕೆಲಸ ಅದನ್ನು ಸುಟ್ಟು ತಾಮ್ರ ತೆಗೆಯುವುದು. ಇವನು ಸುಟ್ಟಿರಲಿಲ್ಲ. ಸಾಲದ್ದಕ್ಕೆ, ಕುಯ್ದ ಎರಡೂ ತುದಿಗೆ ಒತ್ತಾಗಿ ಟೇಪು ಸುತ್ತಿದ್ದ.

"ಯಾರ್ರೀ ನಿಮ್ಮ ಬಾತ್ಮೀದಾರ? ಏನು ಕೆಲಸ ಅವನಿಗೆ?"

ಭೀಮರಾಜು ತಡವರಿಸಿದ. "ಮಲ್ಲೇಶ ಅಂತ ಮೇಡಂ. ಮೋಟಾರ್ ಮೆಕ್ಯಾನಿಕ್."

ನಾಲ್ಕೂ ಹತ್ತಕ್ಕೆ ಮಲ್ಲೇಶನ ಅಂಗಡಿ. ಭೀಮರಾಜುವನ್ನು ಜೀಪಿನ ಹತ್ತಿರವೇ ನಿಲ್ಲಿಸಿ ಲೋಹಿತಾ ಒಳಗೆ ಹೋದರು.

"ಕೇಬಲ್‌ಗೆ ಟೇಪ್ ಯಾಕಪ್ಪ ಸುತ್ತಿದ್ದೀಯ?"

"ತುದಿ ಹಂಗೇ ಬುಟ್ರೆ ನೀರಿಳಿದು ಹಾಳಾಗ್ತದೆ ಮೇಡಂ. ಅವ್ರು ಮತ್ತೆ ಜೋಡುಸ್ಕೊಬೇಕಲ್ಲ..." ಅಂದವನು ನಾಲಿಗೆ ಕಚ್ಚಿಕೊಂಡ.

"ಯಾಕೆ ಕದ್ದೆ?"

ಮಲ್ಲೇಶ ಜೀಪಿನ ಕಡೆ ನೋಡಿ ದನಿ ಇಳಿಸಿದ. "ಭೀಮರಾಜಣ್ಣಂಗೆ ಹೇಳಕ್ಕೆ ಸುದ್ದಿ ಇರ್ಲಿಲ್ಲ. ಎರಡ್ ವರ್ಷದ ಹಿಂದೆ ಗೊತ್ತಿಲ್ದಂಗೆ ಒಂದು ಕಳ್ಳಮಾಲು ಮೋಟಾರ್ ರಿಪೇರಿಗೆ ತಗೊಂಡಿದ್ದೆ. ಭೀಮರಾಜಣ್ಣ ಖಾಲಿ ಹಾಳೆಗೆ ನನ್ ಹೆಂಡ್ತಿ ಮಂಜುಶ್ರೀ ಸೈನ್ ಹಾಕುಸ್ಕೊಂಡವ್ರೆ. ವಾರಕ್ಕೊಂದು ಸುದ್ದಿ ಬೇಕಂತೆ, ತಪ್ಪಿದ್ರೆ ಕಳ್ಳಮಾಲು ತಗೊಂಡಿದ್ದು ಅವ್ಳೇ ಅಂತ ಅದ್ರಾಗೆ ಬರ್ದು ಅವ್ಳುನ್ನ ಜೈಲಿಗೆ ಕಳುಸ್ತಾರಂತೆ. ಊರಾಗೆ ಏನೂ ನಡೀದೆ ಇದ್ರೆ ನಾನೆಲ್ಲಿಂದ ತರ್ಲಿ?"

ಬೇಲಿಯೇ ಎದ್ದು ಹೊಲ ಮೇಯ್ದ ಮೇಲೆ ಯಾರಿಗೆ ಹೇಳುವುದು! ಲೋಹಿತಾಗೆ ತನ್ನ ಸಮವಸ್ತ್ರದ ಬಗ್ಗೆಯೇ ನಾಚಿಕೆಯಾಯಿತು. ಆದರೂ ಕಳವು ಕಳವೇ. ಐದೂ ಇಪ್ಪತ್ತಕ್ಕೆ ಮಲ್ಲೇಶನನ್ನು ಬಂಧಿಸಲಾಯಿತು. ಭೀಮರಾಜುವಿನ ಬೀರುವಿನಲ್ಲಿದ್ದ ಹಾಳೆ ಜಪ್ತಿಯಾಗಿ, ಅವನ ಮೇಲಿನ ವರದಿಯ ಜೊತೆ ಮೇಲಧಿಕಾರಿಗೆ ಹೋಗಲು ಸಿದ್ಧವಾಯಿತು.

"ಮಂಜುಶ್ರೀ?" ಲಾಕಪ್ಪಿನೊಳಗಿಂದ ಮಲ್ಲೇಶ ಕೇಳಿದ.

"ಆ ಹಾಳೆ ಈಗ ನನ್ನ ಹತ್ರ ಇದೆ. ಅವಳಿಗೇನೂ ಆಗಲ್ಲ."

"ಹಂಗಾದ್ರೆ ಮುಂದಿನ ವಾರ ಸುದ್ದಿ ತರಂಗಿಲ್ವಾ ಮೇಡಂ?"

"ಇಲ್ಲಪ್ಪ."

ಗೋಡೆಗೆ ಒರಗಿದವನು ಐದೇ ನಿಮಿಷಕ್ಕೆ ಗೊರಕೆ ಹೊಡೆಯತೊಡಗಿದ.