ಸ್ಲೈಡಿನಲ್ಲಿದ್ದ ಸಣ್ಣ ಸೂಜಿಗಳು

ಅವರಿಬ್ಬರು ಒಂದು ವರ್ಷದಿಂದ ಮಾಡಿದ್ದೆಲ್ಲ ಜಗಳವೇ. ಹವಳದ ದಿಬ್ಬವನ್ನು ಒಳಗೊಳಗೇ ಕೊರೆದು ಟೊಳ್ಳು ಮಾಡುವ ಸ್ಪಂಜು ಎಂಬ ಕಡಲಜೀವಿಗಳಲ್ಲಿ ಯಾವುದು ಯಾವ ಪ್ರಭೇದ ಎಂದು ಗುರುತಿಸುವುದು ಅವರ ಕೆಲಸ. ಅವಳು ಸ್ಪಂಜಿನ ಚೂರನ್ನು ಬ್ಲೀಚಿನಲ್ಲಿ ಕರಗಿಸಿ, ಉಳಿಯುವ ಗಾಜಿನಂಥ ಸೂಜಿಗಳನ್ನು ಮೈಕ್ರೋಸ್ಕೋಪಿನಲ್ಲಿ ನೋಡಿ ಹೇಳುತ್ತಿದ್ದಳು. ಅವನು ಅದೇ ಚೂರಿನ ಡಿಎನ್‌ಎ ಓದಿ ಹೇಳುತ್ತಿದ್ದ. ಲ್ಯಾಬಿನವರ ಬಾಯಲ್ಲಿ ಅವಳು ಸೂಜಿ ಮೇಡಂ, ಅವನು ಜೀನಪ್ಪ.

ಹೋದ ತಿಂಗಳು ಕ್ಯಾಂಟೀನಿನಲ್ಲಿ, ಜಗಳದ ನಡುವೆಯೇ, ಮದುವೆಯಾಗೋಣವಾ ಎಂದು ಕೇಳಿಬಿಟ್ಟಿದ್ದ ಪುಣ್ಯಾತ್ಮ. ನಲವತ್ತರ ಹತ್ತಿರ ಬಂದ ಮೇಲೆ ಇದೇನು ಹುಡುಗಾಟ ಎಂದು ಅವಳು ಗದರಿದ್ದಳು. ಬೇಡ ಎಂದು ಮಾತ್ರ ಹೇಳಿರಲಿಲ್ಲ.

ಈ ಸಲ ಸತ್ತ ದಿಬ್ಬವೊಂದರಿಂದ ಎರಡು ಚೂರು ಬಂದಿದ್ದವು. ಡಿಎನ್‌ಎ ಪ್ರಕಾರ ಅವು ಎರಡು ಪ್ರಭೇದ. ಅವಳ ಪ್ರಕಾರ ಒಂದೇ. ದೊಡ್ಡ ಸೂಜಿಗಳು ಎರಡರಲ್ಲೂ ಒಂದೇ ಥರ. ಬೇರೆ ಎನ್ನಬೇಕಾದರೆ ಒಂದರಲ್ಲಾದರೂ ತಿರುಚಿದ ಸಣ್ಣ ಸೂಜಿಗಳು ಇರಬೇಕು. ಅವು ಇಲ್ಲವೇ ಇಲ್ಲ ಎಂದು ಅವಳು ಪಟ್ಟು ಹಿಡಿದಳು. ಅವನು ಮತ್ತೆ ಮತ್ತೆ ಓದಿಸಿದರೂ ಅದೇ ಉತ್ತರ ಬಂತು.

ಕೊನೆಗೆ ಅವಳಿಗೆ ರೇಗಿಹೋಯಿತು. ಕುರ್ಚಿ ಬಿಟ್ಟೆದ್ದು, ನೀವೇ ನೋಡಿ ಎಂದಳು.

ಅವನು ಬಗ್ಗಿ ಬಹಳ ಹೊತ್ತು ನೋಡಿದ. ಅವಳು ಅವನ ಕತ್ತಿನ ಹಿಂದೆ ನರೆತ ಕೂದಲನ್ನು ನೋಡುತ್ತ ನಿಂತಳು. ಅಲ್ಲಿ ಕೈಯಾಡಿಸಬೇಕೆನ್ನಿಸಿ, ನಾಚಿಕೆಯಾಗಿ, ಕೈಕಟ್ಟಿಕೊಂಡಳು.

"ಹೌದು, ಇಲ್ಲ. ನಿಮ್ಮದೇ ಸರಿ" ಎಂದ, ಅವಳ ಕಡೆ ತಿರುಗದೆ.

ವರ್ಷವಿಡೀ ಒಂದು ಮಾತಿಗೂ ಸೋಲದ ಮನುಷ್ಯ ಇಷ್ಟು ಸಲೀಸಾಗಿ ಒಪ್ಪುವುದೆಂದರೇನು?

ಎಷ್ಟೋ ತಿಂಗಳಿಂದ ಲೆನ್ಸ್ ಒರೆಸಿ ಒರೆಸಿ ಅವಳಿಗೆ ಸಾಕಾಗಿತ್ತು. ಎಷ್ಟು ಒರೆಸಿದರೂ ನಡುವಿನ ಮಬ್ಬು ಹೋಗುತ್ತಿರಲಿಲ್ಲ. ಅಮ್ಮನ ಕಣ್ಣಿಗೂ ಇದೇ ವಯಸ್ಸಿನಲ್ಲಿ ಮೊದಲು ಅಕ್ಷರ ಹೋಯಿತು, ಆಮೇಲೆ ಮಕ್ಕಳ ಮುಖ. ಡಾಕ್ಟರು ಇದು ವಂಶದಲ್ಲಿ ಬರುವಂಥದ್ದು ಎಂದಿದ್ದರು. ಗೊತ್ತಿದ್ದೂ ಅವಳು, ಮಬ್ಬು ಲೆನ್ಸಿನದೇ ಎಂದು ತನಗೆ ತಾನೇ ಸುಳ್ಳು ಹೇಳಿಕೊಂಡಿದ್ದಳು.

"ಇದಾವೆ, ಅಲ್ವಾ?"

ಅವನು ಮತ್ತೆ ಮೈಕ್ರೋಸ್ಕೋಪಿಗೆ ಬಗ್ಗಿದ. ಅವಳು ಇನ್ನೊಮ್ಮೆ ಕೇಳಿದಳು.

"ತುಂಬಾ ಇದಾವೆ" ಎಂದ. "ಎಲ್ಲಾ ಕಡೆ."

ಅವಳು ಅಲ್ಲೇ ಕುಸಿದು ಕೂತು ಅತ್ತಳು. ಅವನು ಪಕ್ಕದಲ್ಲಿ ಕೂತು, ಯಾರಿಗೂ ಹೇಳುವುದಿಲ್ಲ, ನಿಮ್ಮ ಕೆಲಸ ಉಳಿಯಲಿ, ನನ್ನ ಫಲಿತಾಂಶವನ್ನೇ ತೆಗೆದುಹಾಕಿಬಿಡುತ್ತೇನೆ ಎಂದೆಲ್ಲ ಒಂದೇ ಉಸಿರಿನಲ್ಲಿ ಹೇಳಿದ. ಅವಳಿಗೆ ಅಳುವಿನ ನಡುವೆಯೇ ಕೋಪ ನೆತ್ತಿಗೇರಿತು. ನಾನು ಇಷ್ಟು ತಿಂಗಳಿಂದ ಗುರುತಿಸಿದ್ದನ್ನೆಲ್ಲ ಈಗ ಬೇರೆಯವರು ಮತ್ತೆ ನೋಡಬೇಕು, ನಾಳೆಯೇ ಹೋಗಿ ಮೇಲಿನವರಿಗೆ ಹೇಳುತ್ತೇನೆ, ಈ ಕುರ್ಚಿ ಇನ್ನು ನನ್ನದಲ್ಲ ಎಂದಳು. ಅಮ್ಮನ ಕಥೆಯನ್ನೂ ಹೇಳಿ, ಕ್ಯಾಂಟೀನಿನಲ್ಲಿ ಕೇಳಿದ್ದನ್ನು ವಾಪಸು ತೆಗೆದುಕೊಳ್ಳಿ, ಮರುಕಕ್ಕೆ ಸಂಸಾರ ಮಾಡುವುದು ಬೇಡ ಎಂದಳು.

"ತಗೊಳ್ಳಲ್ಲ" ಎಂದ. "ಕೇಳಿದಾಗ ಇದೊಂದೂ ನನಗೆ ಗೊತ್ತಿರಲಿಲ್ಲ."

ಅವಳು ಮೂಗೊರೆಸಿಕೊಂಡು, ಮೊದಲ ಸಲ ಅವನನ್ನು ಏಕವಚನದಲ್ಲಿ ಮಾತಾಡಿಸಿದಳು.

"ಹಾಗಾದ್ರೆ ಕೇಳು. ಇನ್ನು ಕೆಲವು ವರ್ಷಕ್ಕೆ ನೀನು ಏನು ಹೇಳ್ತೀಯೋ ಅಷ್ಟೇ ನನಗೆ ಕಾಣೋದು. ನನ್ನ ಸಮಾಧಾನಕ್ಕೆ ಅಂತ ಆಗ ಸುಳ್ಳು ಹೇಳಿದ್ರೆ, ಅವತ್ತೇ ನಾನು ಪೂರ್ತಿ ಕುರುಡಿ."

ಅವನು ತಲೆಯಾಡಿಸಿದ. ಅವನ ಕಣ್ಣೂ ತುಂಬಿತ್ತು.

"ಸರಿ, ಈಗ ಹೇಳು. ನನ್ನ ಮುಖ ಹೇಗಿದೆ?"

ಅವನು ಅವಳ ಗಲ್ಲ ಹಿಡಿದೆತ್ತಿ, ಸ್ಲೈಡು ನೋಡಿದಷ್ಟೇ ಗಮನವಿಟ್ಟು ನೋಡಿದ.

"ಮೂಗು ಕೆಂಪಗೆ ಊದಿದೆ. ಕಾಡಿಗೆ ಗಲ್ಲದವರೆಗೂ ಇಳಿದಿದೆ. ನಿಜ ಹೇಳ್ಬೇಕಂದ್ರೆ, ನೋಡೋ ಹಾಗಿಲ್ಲ."

ಅಳುತ್ತಲೇ ಅವಳಿಗೆ ನಗು ಬಂತು.

"ಹ್ಞೂಂ, ಆಗೋಣ ಮದುವೆ" ಎಂದಳು.