ಬಲಕ್ಕೆ ನೋಡುವ ಗೂಬೆ

"ಅಕ್ಕ ಸತ್ತು ವರ್ಷ ಆಯ್ತಮ್ಮಾ. ಆದ್ರೂ ಸಂಜೆ ಅವಳ ಕೋಣೇಲಿ ಕರಕರ ಅಂತ ಗೀಚೋ ಸದ್ದು ಕೇಳುತ್ತೆ. ಬಾಗಿಲು ತೆಗೆದ್ರೆ ಯಾರೂ ಇರಲ್ಲ!"

ನನ್ನ ಸೋದರತ್ತೆಯ ಎದುರು ಕುಳಿತ ಕಾಗದದಂಗಡಿಯ ಹೆಂಗಸು ನಡುಗುತ್ತಿದ್ದಳು. ನಾನೂ ನಡುಗುತ್ತಿದ್ದೆ, ಮುಚ್ಚಿಡುವುದೇನು? ಕಳ್ಳರನ್ನು ಹಿಡಿಯುವುದರಲ್ಲಿ ಹೆಸರಾದ ಅತ್ತೆ ಮಾತ್ರ ತಣ್ಣಗೆ, "ಮುಂದೆ ಹೇಳು" ಎಂದಳು.

ಕೇಳಿದವರಿಗೆ ಬೇಕಾದ ಹಾಗೆ ಆಹ್ವಾನಪತ್ರ, ಪತ್ರದ ಹಾಳೆ ಮಾಡಿಕೊಡುವ ಅಂಗಡಿ ಅದು. ಲೇಖನಿಯ ಮೇಲೆ ಕುಳಿತ ಗೂಬೆ ಅದರ ಗುರುತು. ಅಕ್ಕನೇ ಮರದಲ್ಲಿ ಕೆತ್ತಿದ್ದು.

"ಎದುರಂಗಡಿಯವನು ಗೂಬೆ ತನ್ನದು ಅಂತ ನೋಂದಣಿಗೆ ಹಾಕಿದಾನೆ. ಬೋರ್ಡು ಇಳಿಸು ಅಂತ ವಕೀಲರ ನೋಟಿಸು! ಕದ್ದೋನು ಅವನು, ಗೂಬೆ ಕೂರಿಸೋದು ನನ್ನ ಮೇಲೆ. ಇದೂ ಹೋದ್ರೆ ಅಕ್ಕ ಇನ್ನೊಂದು ಸಲ ಸತ್ತ ಹಾಗೆ."

ಗೂಬೆಯ ಮಾತಿಗೆ ನನಗೆ ನಗು ಬಂತು. ಅತ್ತೆ ಕಣ್ಣು ಬಿಟ್ಟಳು, ನುಂಗಿಕೊಂಡೆ.

ಅಂಗಡಿಗೆ ಹೋಗಿ ನೋಡಿದರೆ ಬೋರ್ಡಿನ ಗೂಬೆ ಎಡಕ್ಕೆ ನೋಡುತ್ತಿತ್ತು. ಒಳಗೆ, ಅಕ್ಕನ ಕೋಣೆಯಲ್ಲಿ, ಉಳಿಗಳು ಇಟ್ಟಲ್ಲೇ ಇದ್ದವು. ಮರದ ಅಚ್ಚಿನ ಗೂಬೆ ಬಲಕ್ಕೆ, ಹಿಂಬಾಗಿಲ ಕಡೆ ನೋಡುತ್ತಿತ್ತು, ಯಾರನ್ನೋ ಕಾಯುವ ಹಾಗೆ. ರೆಕ್ಕೆಯ ಮೇಲೆ ಕೂದಲೆಳೆಯ ಬಿರುಕು.

"ಅಕ್ಕಾವ್ರು ಕುಸಿದಾಗ ಕೈಲಿದ್ದದ್ದು ಇದೇ. ಆಗ ಬಿಟ್ಟ ಬಿರುಕು. ಆಮೇಲೆ ಯಾರೂ ಮುಟ್ಟಿಲ್ಲ," ಎಂದ ಅಂಗಡಿಯ ಮುದ್ರಕ, ಕೈಯ ಶಾಯಿ ಒರೆಸಿಕೊಳ್ಳುತ್ತಾ. ಹಿಂಬಾಗಿಲ ಬೀಗದಕೈ ಅವನಲ್ಲೂ ಇತ್ತು, ಅಕ್ಕನ ಗಂಡನಲ್ಲೂ ಇತ್ತು. ಆ ಭಾವನೇ ನಮಗೆ ನೀರು ತಂದುಕೊಟ್ಟ. ಅವನ ಬಿಳಿ ಅಂಗಿಯ ತೋಳಿನಂಚು ಬೂದುಬಣ್ಣಕ್ಕೆ ಮಿರುಗುತ್ತಿತ್ತು.

ಮರುದಿನ ಅತ್ತೆ ಎಲ್ಲರನ್ನೂ ಅದೇ ಕೋಣೆಗೆ ಕರೆಸಿದಳು, ಎದುರಂಗಡಿಯವನನ್ನೂ.

"ಈ ಗೂಬೆ ಐದು ವರ್ಷದ ಹಿಂದೆ ನಾನೇ ಬರೆಸಿದ್ದು," ಎಂದ ಅವನು.

ಅತ್ತೆ ಅಚ್ಚಿನ ಮೇಲೆ ಬಿಳಿ ಹಾಳೆ ಹಾಸಿ ಪೆನ್ಸಿಲಿನಿಂದ ಉಜ್ಜಿದಳು. ಕರಕರ, ಕರಕರ. ಅಂಗಡಿಯ ಹೆಂಗಸು ಚೀರಿಬಿಟ್ಟಳು.

"ದೆವ್ವ ಅಲ್ಲ ಕಣಮ್ಮಾ, ಪೆನ್ಸಿಲು. ಶಾಯಿ ಹಚ್ಚಿ ಒತ್ತಿದ್ರೆ ಗೂಬೆ ತಿರುಗಿ ಎಡಕ್ಕೆ ನೋಡುತ್ತೆ. ಮೇಲಿಂದ ಉಜ್ಜಿದ್ರೆ ಅಚ್ಚಲ್ಲಿರೋ ಹಾಗೇ ಬಲಕ್ಕೆ. ನೋಟಿಸಿನ ಜೊತೆ ಬಂದ ಇವನ ಅರ್ಜಿಯ ಗೂಬೆ ಬಲಕ್ಕೇ ನೋಡ್ತಿದೆ, ರೆಕ್ಕೆಯಲ್ಲಿ ಬಿರುಕೂ ಇದೆ. ವರ್ಷದ ಹಿಂದೆ ಬಿಟ್ಟ ಬಿರುಕನ್ನ ಐದು ವರ್ಷದ ಹಿಂದೆ ಹೆಂಗಪ್ಪಾ ಬರೆಸಿದೆ?"

ಎದುರಂಗಡಿಯವನ ಮುಖ ಸುಣ್ಣವಾಯಿತು.

"ಮುದ್ರಕನಾದ್ರೆ ಅಭ್ಯಾಸದ ಮೇಲೆ ಶಾಯಿ ಹಚ್ಚಿ ಒತ್ತಿಬಿಡ್ತಿದ್ದ. ಉಜ್ಜಿದೋನು ಅಚ್ಚು ಹಾಕಿ ಗೊತ್ತಿಲ್ಲದೋನು. ತೋಳಿಗೆ ಪೆನ್ಸಿಲಿನ ಸೀಸ ಬಳಕೊಂಡು ಹಿಂಬಾಗಿಲಿಂದ ಜಾರಿಕೊಳ್ಳೋನು."

ಭಾವ ತೋಳಿನಂಚನ್ನು ಒಳಕ್ಕೆ ಮಡಚಿಕೊಂಡ. "ಮೊದಲು ಅವಳ ಗೆರೆ ನೋಡೋಕೆ ಅಂತಲೇ ಉಜ್ಜುತಿದ್ದೆ. ಅವಳು ಹೋದ್ಮೇಲೆ ಈ ಅಂಗಡೀಲಿ ನನ್ನನ್ನ ಯಾರೂ ಲೆಕ್ಕಕ್ಕೇ ಇಡಲಿಲ್ಲ. ಇವನು ಬಂದು ಕೇಳ್ದ, ಕೊಟ್ಟೆ." ಬೀಗದಕೈ ಮೇಜಿನ ಮೇಲಿಟ್ಟು ಹೊರಟುಹೋದ.

ಅರ್ಜಿ ವಾಪಸಾಯಿತು, ಬೋರ್ಡು ಉಳಿಯಿತು. ವಾರದ ಮೇಲೆ ನಾವು ಸಂಜೆ ಹೋದಾಗ ಕೋಣೆಯೊಳಗೆ ಮತ್ತೆ ಕರಕರ! ನಾನು ಅತ್ತೆಯ ಬೆನ್ನ ಹಿಂದೆ ಅಡಗಿದೆ. ಅತ್ತೆ ಬಾಗಿಲು ತಳ್ಳಿದಳು.

ಅಂಗಡಿಯ ಹೆಂಗಸು ಒಬ್ಬಳೇ ಅಚ್ಚಿನ ಮುಂದೆ ಕುಳಿತು ಪೆನ್ಸಿಲು ಉಜ್ಜುತ್ತಿದ್ದಳು. ಕೆನ್ನೆಯೆಲ್ಲ ಕಣ್ಣೀರು.

"ಅಕ್ಕನ ಕೈ ಸಿಕ್ಕಿದ ಹಾಗಾಗುತ್ತಮ್ಮಾ," ಎಂದಳು. "ಭಾವನ್ನ ವಾಪಸ್ ಕರೀಲಾ?"

ಅತ್ತೆ ಮೇಜಿನ ಮೇಲಿದ್ದ ಅವಳ ಫೋನನ್ನು ತೆಗೆದು ಅವಳ ಕೈಗೆ ಕೊಟ್ಟಳು.