ಒಂದು ದಿನ ಮೊದಲೇ ಹೊರಟ ಬ್ಯಾಗು

“ಚಿತ್ರದುರ್ಗದ ಕೋಟೆ ಎರಡು ತಾಸು!” ಎಂದು ಡ್ರೈವರ್ ಮಂಜಣ್ಣ ಜೋರಾಗಿ ಓದಿದ. “ಹಿರಿಯೂರು ಡ್ಯಾಮ್ ಒಂದು ತಾಸು. ಐಸ್‌ಕ್ರೀಮ್ ಅರ್ಧ ತಾಸು. ಏನವ್ವಾ ಅಮೃತಾ, ಇಷ್ಟು ಕಡೆ ನಿಂತ್ಕೋತ ಹೋದ್ರ ನಿಮ್ಮಮ್ಮನ ವಿಮಾನ ಮಸ್ಕತ್ ಮುಟ್ಟಿ, ಊಟ ಮಾಡಿ ಮಲಗಿರತೈತಿ!”

ಎಲ್ಲರೂ ನಕ್ಕರು. ಅಮೃತಾ ಮಾತ್ರ ನಗಲಿಲ್ಲ. ಹಳೇ ಕ್ಯಾಲೆಂಡರಿನ ಹಾಳೆ ಕೊಟ್ಟು, “ನಾಳಿನ ಪ್ಲ್ಯಾನ್ ನೀನೇ ಬರಿ” ಎಂದು ಹೇಳಿದ್ದು ಅಪ್ಪನೇ. ಬರೆಯಲು ಹೇಳಿ, ಬರೆದ ಮೇಲೆ ನಗುವುದು ಯಾವ ನ್ಯಾಯ?

ನಾಳೆ ಕೊಟ್ಟೂರಿನಿಂದ ಬೆಂಗಳೂರು ಏರ್‌ಪೋರ್ಟಿಗೆ ಹೋಗಬೇಕಿತ್ತು. ಮುನ್ನೂರು ಕಿಲೋಮೀಟರು, ಮಂಜಣ್ಣನ ಬಾಡಿಗೆ ಕಾರು. ವಿಮಾನ ಇದ್ದದ್ದು ರಾತ್ರಿ ಹತ್ತಕ್ಕೆ, ಆದರೆ ಏಳು ಗಂಟೆಗೆಲ್ಲ ಅಲ್ಲಿರಬೇಕು. ದಸರಾ ರಜೆ ಇದ್ದದ್ದರಿಂದ ಅಮೃತಾಳನ್ನೂ ಕರೆದುಕೊಂಡು ಹೋಗುವುದೆಂದು ಆಗಿತ್ತು.

ಅವಳ ಅಮ್ಮ ಸುಕನ್ಯಾ ಮಸ್ಕತ್‌ನ ಒಂದು ಆಸ್ಪತ್ರೆಯಲ್ಲಿ ನರ್ಸ್. ಇಪ್ಪತ್ತೆಂಟು ದಿನದ ರಜೆಗೆ ಊರಿಗೆ ಬಂದಿದ್ದಳು. ಹೋದ ಸಲ ಬಂದಾಗ ಅಮೃತಾ ಮೂರನೇ ಕ್ಲಾಸು. ಈಗ ಐದು. ಇನ್ನೊಮ್ಮೆ ಬರುವಷ್ಟರಲ್ಲಿ ಏಳನೇ ಕ್ಲಾಸಾಗಿರುತ್ತದೆ. ನಾಲ್ಕನೇ ಕ್ಲಾಸಿನ ಅಮೃತಾ ಹೇಗಿದ್ದಳು ಅಂತ ಅಮ್ಮನಿಗೆ ಫೋನಿನಲ್ಲಿ ನೋಡಿ ಮಾತ್ರ ಗೊತ್ತು.

ಇಪ್ಪತ್ತೆಂಟು ದಿನ ಅಂತ ಹೆಸರಿಗೆ. ಅವರ ಮನೆಯಲ್ಲಿ ಊಟ, ಇವರ ಮನೆಯಲ್ಲಿ ಕುಂಕುಮ, ನೋಡಲು ಬಂದವರಿಗೆಲ್ಲ ಚಹಾ. ಅಮ್ಮ ಪೂರ್ತಿಯಾಗಿ ಅಮೃತಾಳಿಗೆ ಸಿಕ್ಕಿದ್ದು ಎಷ್ಟು ಹೊತ್ತು? ಕಾರಿನಲ್ಲಾದರೆ ಒಲೆ ಇಲ್ಲ, ಬಾಗಿಲು ಬಡಿಯುವವರಿಲ್ಲ. ಹಿಂದಿನ ಸೀಟಿನಲ್ಲಿ ಅಮ್ಮ ಮತ್ತು ಅವಳು, ಇಬ್ಬರೇ.

“ಜಗಳೂರು ಮ್ಯಾಲೆ ಹೋದ್ರ ಹತ್ತಿರ ಅಲ್ಲೇನು?” ಎಂದು ಅಪ್ಪ ಅರುಣಕುಮಾರ್ ಕೇಳಿದ.

“ಹತ್ತಿರ ಖರೆ, ಆದ್ರ ರೋಡು ಸಣ್ಣದು ನೋಡ್ರಿ. ಕೂಡ್ಲಿಗಿಗೆ ಹೋಗಿ ಹೈವೇ ಹಿಡಿದ್ರ ಸೀದಾ ದುರ್ಗ” ಎಂದ ಮಂಜಣ್ಣ.

“ಮಾಮ, ಯಾವ ದಾರಿ ಉದ್ದ?” ಎಂದಳು ಅಮೃತಾ.

“ಕೂಡ್ಲಿಗಿದು.”

“ಹಂಗಾದ್ರ ಅದೇ ಇರ್ಲಿ.”

ಶೇಂಗಾ ಚಟ್ನಿಪುಡಿಯನ್ನು ಪ್ಯಾಕೆಟಿಗೆ ತುಂಬುತ್ತಿದ್ದ ಅಮ್ಮ ತಲೆ ಎತ್ತಿ ಅವಳನ್ನು ನೋಡಿದಳು. “ಕ್ಯಾತ್ಸಂದ್ರದಾಗ ತಟ್ಟೆ ಇಡ್ಲಿ ತಿನ್ನೋಣ. ಅದೊಂದು ಇಟ್ಕೋ ಪುಟ್ಟಿ. ಉಳಿದಿದ್ದು ತಗಿ. ತಡ ಆದ್ರ ನನ್ನ ಬಿಟ್ಟು ಹೋಗತೈತಿ ವಿಮಾನ.”

ಬಿಟ್ಟು ಹೋದರೆ ಒಳ್ಳೆಯದೇ ಆಯಿತಲ್ಲ ಎಂದು ಅಮೃತಾ ಅಂದುಕೊಂಡಳು, ಬಾಯಿಬಿಟ್ಟು ಹೇಳಲಿಲ್ಲ. ಕೋಟೆಯ ಮೇಲೆ ಗೀಟು ಎಳೆದಳು. ಡ್ಯಾಮಿನ ಮೇಲೆ ಎಷ್ಟು ಒತ್ತಿ ಎಳೆದಳೆಂದರೆ ಹಾಳೆ ಹರಿಯಿತು.

ಅಷ್ಟರಲ್ಲಿ ಅಜ್ಜಿ ನಾಗಲಿಂಗಮ್ಮ ದೇವರ ಕೋಣೆಯಿಂದ ಬಂದು ನಡುಮನೆಯಲ್ಲಿ ನಿಂತಳು. “ನಾಳಿ ಮಂಗಳವಾರ ಅಲ್ಲೇನು?”

ಅಪ್ಪ ಹೌದೆಂದು ತಲೆ ಆಡಿಸಿದ.

“ಮಂಗಳವಾರ ಮನಿ ಸೊಸಿನ ಕಳಿಸಬಾರದು.”

“ಅವ್ವಾ, ಟಿಕೆಟ್ ಮಾಡಿ ಎರಡು ತಿಂಗಳಾತು. ವಿಮಾನದವರಿಗೆ ಮಂಗಳವಾರ, ಬುಧವಾರ ಎಲ್ಲಾ ಒಂದೇ” ಎಂದ ಅಪ್ಪ.

“ಅವರಿಗೆ ಒಂದೇ ಇರ್ಲಿ, ನನಗ ಒಂದಲ್ಲ. ಇವತ್ತು ಸೋಮವಾರ, ಚಲೋ ದಿನ. ಹನ್ನೊಂದರೊಳಗ ಪಸ್ತಾನ ಇಟ್ಟು ಬರ್ರಿ.”

ಪಸ್ತಾನ ಅಂದರೆ ಏನು ಅಂತ ಅಮೃತಾಳಿಗೆ ಗೊತ್ತಿರಲಿಲ್ಲ. ಅಜ್ಜಿ ಹೇಳಿದಳು. ಹೊರಡುವ ದಿನ ಚೆನ್ನಾಗಿಲ್ಲದಿದ್ದರೆ, ಒಳ್ಳೆಯ ದಿನವೇ ಹೋಗುವವರ ಬ್ಯಾಗನ್ನು ಬೇರೆಯವರ ಮನೆಯಲ್ಲಿ ಇಟ್ಟು ಬರಬೇಕು. ಹೋಗುವಾಗ ಅಲ್ಲಿಂದಲೇ ಎತ್ತಿಕೊಂಡು ಹೋಗಬೇಕು. ಬ್ಯಾಗು ಹೋಯಿತು ಅಂದರೆ ಮನುಷ್ಯರೂ ಹೋದ ಲೆಕ್ಕ.

“ಅಂದ್ರ ಅಮ್ಮ ಇವತ್ತೇ ಹೋದಂಗಾ?”

“ಹ್ಞೂಂ, ಇವತ್ತೇ ಹೋದಂಗ” ಎಂದಳು ಅಜ್ಜಿ ಸಮಾಧಾನದಿಂದ.

ಅಜ್ಜಿಗೇನೋ ಸಮಾಧಾನವಾಯಿತು. ಅಪ್ಪ ಸಣ್ಣ ನೀಲಿ ಟ್ರಾಲಿ ಬ್ಯಾಗು ಎಳೆದುಕೊಂಡು, ನಾಲ್ಕು ಮನೆ ಆಚೆ ಇರುವ ಜಂಬಕ್ಕನ ಮನೆಯಲ್ಲಿ ಇಟ್ಟು ಬಂದ. ಅಮೃತಾ ಬಾಗಿಲಲ್ಲೇ ನಿಂತು ನೋಡಿದಳು. ಅವಳ ಲೆಕ್ಕದಲ್ಲಿ ಇನ್ನೂ ಒಂದು ದಿನ ಇತ್ತು. ಈಗ ಅದೂ ಹೋಯಿತು.

ಅಮ್ಮ ಮನೆಯಲ್ಲೇ ಇದ್ದಳು. ಅನ್ನಕ್ಕಿಟ್ಟಳು, ಮಂಜಣ್ಣನಿಗೆ ಚಹಾ ಕೊಟ್ಟಳು, ಅಮೃತಾಳ ಜಡೆ ಹಾಕಿದಳು. ಆದರೂ ಹೋಗಿಬಿಟ್ಟಿದ್ದಳು. ಊಟವಾದ ಮೇಲೆ ಅಮೃತಾ ಎರಡು ಸಲ ಸುಮ್ಮಸುಮ್ಮನೆ ಹೋಗಿ ಅಮ್ಮನ ಕೈ ಮುಟ್ಟಿ ಬಂದಳು.

“ಏನಾತು?” ಎಂದಳು ಅಮ್ಮ.

“ಏನಿಲ್ಲ.”

ನಾಲ್ಕು ಗಂಟೆಯ ಹೊತ್ತಿಗೆ ಅಮೃತಾಳ ತಲೆಯಲ್ಲಿ ಒಂದು ವಿಚಾರ ಬಂತು. ಬ್ಯಾಗು ಹೋದರೆ ಅಮ್ಮ ಹೋದಂತೆ. ಹಾಗಾದರೆ ಬ್ಯಾಗು ವಾಪಸ್ ಬಂದರೆ?

ಚಪ್ಪಲಿ ಕೂಡ ಹಾಕಿಕೊಳ್ಳದೆ ಓಡಿದಳು.

ಜಂಬಕ್ಕ ಮಾಳಿಗೆಯ ಮೇಲೆ ಶೇಂಗಾ ಒಣಹಾಕುತ್ತಿದ್ದಳು. ಕೆಳಗೆ ಬಾಗಿಲು ತೆರೆದಿತ್ತು. ಬ್ಯಾಗು ಮಣೆಯ ಮೇಲಿತ್ತು, ಯಾರೋ ಅದಕ್ಕೊಂದು ಹೂವು ಬೇರೆ ಇಟ್ಟಿದ್ದರು. ಅಮೃತಾ ಹೂವನ್ನು ಮಣೆಯ ಮೇಲಿಟ್ಟು, ಹಿಡಿಕೆ ಎಳೆದಳು. ಸಿಮೆಂಟು ರಸ್ತೆಯ ಮೇಲೆ ಗಾಲಿಗಳು ಗಡಗಡ ಅಂದವು. ಓಣಿಗೆಲ್ಲ ಗೊತ್ತಾಗುವಷ್ಟು ಸದ್ದು.

ಮನೆಯ ಮುಂದಿನ ಕಟ್ಟೆಗೆ ಬ್ಯಾಗು ಎತ್ತಿದಳು. ಇನ್ನು ಹೊಸ್ತಿಲು ಒಂದೇ ಬಾಕಿ.

“ಅಯ್ಯ ನನ್ನ ಶಿವನೇ!” ಎಂದು ಅಜ್ಜಿ ಒಳಗಿನಿಂದ ಕೂಗಿದಳು. “ನಿಲ್ಲಲ್ಲೇ! ಒಳಗ ತರಬ್ಯಾಡ!”

ಅಪ್ಪ ಓಡಿ ಬಂದ. “ಏನ್ ಮಾಡಿದಿ ಅಮೃತಾ? ಕೊಡು ಇಲ್ಲಿ!”

“ಕೊಡಲ್ಲ.” ಅಮೃತಾ ಹಿಡಿಕೆಯನ್ನು ಎರಡೂ ಕೈಯಲ್ಲಿ ಹಿಡಿದಳು. “ಅಜ್ಜಿ, ಇದು ಒಳಗ ಬಂದ್ರ ಏನಾಗತೈತಿ?”

ಅಜ್ಜಿಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ. “ಹೊಸ್ತಿಲ ದಾಟ್ತು ಅಂದ್ರ ಮುಗೀತು. ಪಸ್ತಾನ ಕೆಟ್ಟಂಗ. ನಾ ನಾಳಿ ಕಳಿಸಂಗಿಲ್ಲ. ಬುಧವಾರನೇ ಹೋಗ್ಬೇಕು.”

ಬುಧವಾರ! ಬ್ಯಾಗಿನ ಮುಂದಿನ ಗಾಲಿ ಹೊಸ್ತಿಲಿಗೆ ತಾಗಿತ್ತು. ಸ್ವಲ್ಪ ಎತ್ತಿದರೆ ಸಾಕು.

ಆಗ ಅಮ್ಮ ಬಂದಳು. ಬೈಯುತ್ತಾಳೆ ಅಂತ ಅಮೃತಾ ಕಣ್ಣು ಮುಚ್ಚಿಕೊಂಡಳು. ಬೈಗುಳ ಬರಲಿಲ್ಲ. ಕಣ್ಣು ಬಿಟ್ಟರೆ ಅಮ್ಮ ಗಾಲಿಯನ್ನೇ ನೋಡುತ್ತಿದ್ದಳು. ಬೆಳಿಗ್ಗೆ ಎದ್ದ ಕೂಡಲೇ ಇವತ್ತು ಶಾಲೆಗೆ ರಜಾ ಅಂತ ಗೊತ್ತಾದರೆ ಮಕ್ಕಳ ಮುಖ ಹೇಗಾಗುತ್ತದೋ, ಅಮ್ಮನ ಮುಖ ಹಾಗಾಗಿತ್ತು. ಒಂದೇ ಗಳಿಗೆ.

“ಸುಕನ್ಯಾ, ನೀನಾರ ಹೇಳು ಆಕಿಗೆ” ಎಂದ ಅಪ್ಪ.

“ನಾ ಏನ್ ಹೇಳ್ಲಿ? ನನಗ ಬ್ಯಾಡ ಅನ್ನಾಕ ಬರವಲ್ದು” ಎಂದಳು ಅಮ್ಮ. “ನೀವು ಒಳಗ ನಡೀರಿ. ನಾವು ಇಲ್ಲೇ ಕುಂದರ್ತೀವಿ.”

ಅಪ್ಪ ಮತ್ತು ಅಜ್ಜಿ ಒಲ್ಲದ ಮನಸ್ಸಿನಿಂದ ಒಳಗೆ ಹೋದರು. ಅಮ್ಮ ಹೊಸ್ತಿಲು ದಾಟಿ ಬಂದು ಕಟ್ಟೆಯ ಮೇಲೆ ಕುಳಿತಳು. ಅಮೃತಾ ಪಕ್ಕದಲ್ಲಿ ಕುಳಿತಳು, ನಡುವೆ ಬ್ಯಾಗು.

“ಬುಧವಾರ ಹೋದ್ರ ಏನಾಗತೈತಿ ಅಮ್ಮ?”

ಅಮ್ಮ ಸೆರಗಿನಿಂದ ಮೂಗು ಒರೆಸಿಕೊಂಡು ಹೇಳಿದಳು. “ನನಗೇನೂ ಆಗಲ್ಲ. ಬೈಸ್ಕೊಂಡ್ರ ಆತು. ಆದ್ರ ನನ್ನ ಜೋಡಿ ಲೀನಾ ಅಂತ ಅದಾಳ, ಕೇರಳದಾಕಿ. ನಾ ಹೋಗಿ ಡ್ಯೂಟಿ ತಗೊಂಡ್ರ ಆಕಿನ ಬಿಡ್ತಾರ. ಆಕಿ ವಿಮಾನ ಬುಧವಾರ ಸಂಜಿಗೆ ಐತಿ.”

“ನೀ ಹೋಗಲಿಲ್ಲ ಅಂದ್ರ?”

“ಆಕಿ ರಜಾ ಮುಂದಕ್ಕ ಹೋಗತೈತಿ. ಯಾವಾಗ ಅಂತ ಹೇಳಾಕ ಬರಲ್ಲ.”

ಅಮೃತಾ ಬ್ಯಾಗಿನ ಜಿಪ್ಪನ್ನು ಒಂದಷ್ಟು ತೆರೆದಳು, ಮುಚ್ಚಿದಳು. ಕೇಳುವುದು ಬೇಡ ಅಂದುಕೊಂಡಳು. ಆದರೂ ಕೇಳಿಬಿಟ್ಟಳು. “ಅವರಿಗೆ ಮಕ್ಕಳು ಅದಾರೇನು?”

“ಒಬ್ಬ ಮಗ ಅದಾನ. ಎರಡನೇ ಕ್ಲಾಸು.”

ಎರಡನೇ ಕ್ಲಾಸಿನವನು ಅಂದರೆ ತೀರಾ ಚಿಕ್ಕವನು. ಅವನಿಗೂ ಯಾರಾದರೂ ಕ್ಯಾಲೆಂಡರಿನ ಹಾಳೆ ಕೊಟ್ಟಿರಬಹುದೇ? ಏರ್‌ಪೋರ್ಟಿಗೆ ಎಷ್ಟು ಗಂಟೆಗೆ ಹೊರಡಬೇಕು ಅಂತ ಅವನೂ ಕೇಳಿರುತ್ತಾನೆ. ಅವನ ಪ್ಲ್ಯಾನಿನಲ್ಲಿ ದಾರಿ ಉದ್ದವಾಗಬೇಕಿಲ್ಲ. ಎಲ್ಲೂ ನಿಲ್ಲದೆ ಬೇಗ ಹೋಗಬೇಕು ಅಷ್ಟೇ.

ಅಮೃತಾಳಿಗೆ ಸಿಟ್ಟು ಬಂತು. ಯಾರ ಮೇಲೆ ಸಿಟ್ಟು ಅಂತ ತಿಳಿಯಲಿಲ್ಲ. ಆ ಹುಡುಗನ ಮೇಲಂತೂ ಅಲ್ಲ. ಮೊಣಕಾಲಲ್ಲಿ ಮುಖ ಇಟ್ಟು ಸ್ವಲ್ಪ ಹೊತ್ತು ಅತ್ತಳು. ಅಮ್ಮ ಅಳಬೇಡ ಎನ್ನಲಿಲ್ಲ, ಬೆನ್ನು ಸವರುತ್ತ ಕುಳಿತಳು.

ಆಮೇಲೆ ಅಮ್ಮ ನಿಧಾನಕ್ಕೆ ಬ್ಯಾಗಿನ ಹಿಡಿಕೆ ಹಿಡಿದಳು. ಹಿಡಿದಳು ಅಷ್ಟೇ, ಏಳಲಿಲ್ಲ. ಏಳಲು ಆಗುತ್ತಿಲ್ಲ ಎಂಬುದು ಅಮೃತಾಳಿಗೆ ಕಂಡಿತು. ನಾಳೆ ಒಂದು ಸಲ ಏಳಲೇಬೇಕು. ಇವತ್ತೂ ಯಾಕೆ?

“ಬಿಡಮ್ಮ. ನೀ ಇಲ್ಲೇ ಕುಂದ್ರು” ಎಂದಳು. “ನಾನೇ ಇಟ್ಟು ಬರ್ತೀನಿ.”

“ಒಬ್ಬಾಕಿನೇ?”

“ಒಬ್ಬಾಕಿನೇ.”

ಅಮ್ಮನ ಬೆರಳುಗಳು ಒಂದೊಂದಾಗಿ ಸಡಿಲವಾದವು. ಅಮೃತಾ ಬ್ಯಾಗನ್ನು ಕಟ್ಟೆಯಿಂದ ಇಳಿಸಿದಳು. ಈ ಸಲ ಗಾಲಿಯ ಮೇಲೆ ಎಳೆಯಲಿಲ್ಲ. ಸದ್ದಾದರೆ ಅಮ್ಮನಿಗೆ ಕೇಳಿಸುತ್ತದೆ. ಎರಡೂ ಕೈಯಲ್ಲಿ ಎದೆಗವಚಿ ಎತ್ತಿಕೊಂಡಳು. ಭಾರವಿತ್ತು, ಮುಂದಿನ ದಾರಿ ಕಾಣುತ್ತಿರಲಿಲ್ಲ.

ಒಂದು ಮನೆ ದಾಟಿತು. ಎರಡು ಮನೆ ದಾಟಿತು. ಒಮ್ಮೆ ಹಿಂದೆ ತಿರುಗಿ ನೋಡಬೇಕು ಅಂತ ಬಹಳ ಅನಿಸಿತು. ತಿರುಗಿದರೆ ಅಮ್ಮ ಎದ್ದು ಓಡಿ ಬರುತ್ತಾಳೆ. ಬಂದು ಬ್ಯಾಗು ಕಸಿದುಕೊಂಡು ಸೀದಾ ಮನೆಯೊಳಗೆ ಹೋಗಿಬಿಡುತ್ತಾಳೆ.

ಅಮೃತಾ ತಿರುಗದೆ ನಡೆದಳು.